ಹಿಂದಿನ ಡಿಸ್ಕ್ ಬ್ರೇಕು ಬದಲಿಸಿ ಸಣ್ಣ ಚಕ್ರ ಹಾಕುವ ವಿಚಾರ



ಕಳೆದ ಮಹಾಸಭೆಯಲ್ಲಿ ಸಂಘದ ಪಿಕಪ್ಪಿನ ರಿಪೇರಿ ಖರ್ಚಿನ ಬಾಬ್ತು ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಓಡುವ ಗಾಡಿಯ ಬ್ರೇಕು ಬಿಚ್ಚಿ ಬೇರೆ ಬ್ರೇಕು ಹಾಕಿದ್ದೇಕೆ, ದೊಡ್ಡ ಚಕ್ರ ತೆಗೆದು ಸಣ್ಣ ಚಕ್ರ ಹಾಕಿದ್ದೇಕೆ, ಇದಕ್ಕೆಲ್ಲ ಸಂಘದ ದುಡ್ಡೇ ಬೇಕಾಗಿತ್ತೇ?" ಎಂದು ಕೇಳಿದರು. ಊಟದ ಹೊತ್ತು ಮೀರಿತ್ತು. ಎರಡು ಮಾತಿನಲ್ಲಿ ಉತ್ತರ ಹೇಳಿ ಕುಳಿತೆವು. ಅವರಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಆಗಲಿಲ್ಲ. ಆಮೇಲೆ ವಿಚಾರಿಸಿದಾಗ ನಮ್ಮ ಸದಸ್ಯರಲ್ಲೇ ಇನ್ನೂ ಕೆಲವರು ತಮ್ಮ ಪಿಕಪ್ಪಿಗೆ ಹಿಂದೆಯೂ ಡಿಸ್ಕ್ ಬ್ರೇಕು ಹಾಕಿಸಿಕೊಂಡಿರುವುದೂ, ಹಾಕಿಸಬೇಕೆಂದಿರುವುದೂ ತಿಳಿದುಬಂತು. ಆದಕಾರಣ ವಿಷಯವನ್ನು ಇಲ್ಲಿ ಸವಿಸ್ತಾರವಾಗಿ ಬರೆಯುತ್ತಿದ್ದೇವೆ.

ಮೊದಲು ನಡೆದದ್ದನ್ನು ಹೇಳುತ್ತೇವೆ. ಸಂಘದ ಪಿಕಪ್ಪನ್ನು ನಾವು ಕೊಂಡದ್ದು ಎರಡನೇ ಕೈಯಲ್ಲಿ. ಕಂಪೆನಿಯಿಂದ ಹೊರಬಂದಾಗ ಅದಕ್ಕೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು, ಚಕ್ರ 15 ಇಂಚಿನದು. ನಮ್ಮ ಕಡೆ ಓಡಾಡುವ ಬಹುಪಾಲು ಪಿಕಪ್ಪುಗಳು ಇರುವುದೇ ಹೀಗೆ. ಹಿಂದಿನ ಮಾಲೀಕರು ಶೋಕಿಗೋ, ಘಾಟಿ ಇಳಿಯುವ ಧೈರ್ಯಕ್ಕೋ, ಹಿಂದಿನ ಹೌಸಿಂಗಿಗೆ ದೊಡ್ಡ ಕಾರೊಂದರ ಡಿಸ್ಕು ಕೂರಿಸಿ, ನಾಲ್ಕೂ ಕಡೆ 16 ಇಂಚಿನ ಚಕ್ರ ಹಾಕಿಸಿದ್ದರು. ಸ್ಟೆಪ್ನಿ ಮಾತ್ರ ಹಳೆಯದೇ, ತಳದಲ್ಲಿ ನೇತಾಡುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಕೊಳ್ಳುವಾಗ ಎಂಜಿನ್ ಶಬ್ದ ಕೇಳಿ, ಚಾಸಿಸ್ ಬಡಿದು ನೋಡಿ, ಟಯರ್ ಉಗುರಿನಿಂದ ಕೆರೆದು ನೋಡಿದ ನಾವು ಸ್ಟೆಪ್ನಿಯ ನಂಬರು ಓದಲಿಲ್ಲ. ಇದು ನಮ್ಮದೇ ತಪ್ಪು, ಒಪ್ಪಿಕೊಳ್ಳುತ್ತೇವೆ.

ಕೊಯಿಲಿನ ಕಾಲದಲ್ಲಿ ಒಂದು ರಾತ್ರಿ 30 ಮೂಟೆ ಚೆರಿ ಹೇರಿಕೊಂಡು ಚಾರ್ಮಾಡಿ ಇಳಿಯುವಾಗ ಹಿಂದಿನ ಎಡ ಚಕ್ರ ಪಂಕ್ಚರಾಯಿತು. ಡ್ರೈವರು ಕಲ್ಲು ಕೊಟ್ಟು, ಜಾಕ್ ಏರಿಸಿ, ಸ್ಟೆಪ್ನಿ ಎತ್ತಿ ಕೂರಿಸಿದರೆ ಅದು ಹಬ್ಬಿಗೆ ಪೂರ್ತಿ ಒರಗಲೇ ಇಲ್ಲ. ರಿಮ್ಮಿನ ಒಳಮೈ ಕ್ಯಾಲಿಪರಿನ ಬೆನ್ನಿಗೆ ತಗುಲಿ ನಿಂತಿತು. ನಟ್ಟು ಬಿಗಿದು ಎಳೆದರೆ ಕೂತಂತೆ ಕಂಡೀತು, ಆದರೆ ಚಕ್ರ ತಿರುಗದು. ಮಂಜು ಕವಿದ ತಿರುವಿನಲ್ಲಿ, ಹಿಂದೆ ಒಂದೂವರೆ ಟನ್ ಭಾರ ಇಟ್ಟುಕೊಂಡು, ಅವನೂ ಕ್ಲೀನರ್ ಹುಡುಗನೂ ಬೆಳಗಿನವರೆಗೆ ಕೂತರು. ಹಾದುಹೋದ ಲಾರಿಯವನೊಬ್ಬ ನಿಲ್ಲಿಸಿ, ಅರ (ಫೈಲು) ತೆಗೆದುಕೊಟ್ಟು, ಕ್ಯಾಲಿಪರನ್ನು ನಾಲ್ಕು ಸಲ ಉಜ್ಜಿದರೆ ಚಕ್ರ ಕೂರುತ್ತದೆ ಎಂದನಂತೆ. ನಮ್ಮ ಡ್ರೈವರು ಉಜ್ಜಲಿಲ್ಲ. "ಕಬ್ಬಿಣ ಯಾಕೆ ಅಷ್ಟು ದಪ್ಪ ಇಟ್ಟಿದ್ದಾರೆ ಅಂತ ನಂಗೊತ್ತಿಲ್ಲ ಸಾರ್, ಗೊತ್ತಿಲ್ಲದ್ದನ್ನ ಉಜ್ಜೋದು ಹ್ಯಾಗೆ?" ಎಂದು ಮರುದಿನ ಆಫೀಸಿನಲ್ಲಿ ಹೇಳಿದ.

ಅವನಿಗೆ ಗೊತ್ತಿಲ್ಲದೆ ಹೋದ ಕಾರಣವನ್ನೇ ಮೊದಲು ನೋಡೋಣ. ಡಿಸ್ಕ್ ಬ್ರೇಕೆಂದರೆ ಚಕ್ರದೊಡನೆ ತಿರುಗುವ ಒಂದು ಎರಕದ ತಟ್ಟೆ. ಆ ತಟ್ಟೆಯ ಎರಡು ಮೈಗೂ ಒತ್ತುವ ಎರಡು ಪ್ಯಾಡು. ಪ್ಯಾಡುಗಳನ್ನು ಒತ್ತಿ ಹಿಡಿಯುವ ಇಕ್ಕಳದಂಥ ಕ್ಯಾಲಿಪರು. ಇಕ್ಕಳದ ಬೆನ್ನು ತಟ್ಟೆಯ ಅಂಚನ್ನು ದಾಟಿ ಆಚೆ ಹೋಗಬೇಕು. ಅದೇ ಭಾಗ ರಿಮ್ಮಿಗೆ ತಗುಲುವುದು. ಕ್ಯಾಲಿಪರಿನ ಒಳಗಿರುವ ಪಿಸ್ಟನ್ 45 ಮಿ.ಮೀ. ಇದ್ದರೆ ಅದರ ಮೇಲ್ಮೈ ಸುಮಾರು 16 ಚದರ ಸೆಂ.ಮೀ. ಪೆಡಲನ್ನು ಬಲವಾಗಿ ತುಳಿದಾಗ ಆಯಿಲಿನ ಒತ್ತಡ ಚದರ ಸೆಂ.ಮೀ.ಗೆ 70 ಕೆ.ಜಿ. ಆಯಿತೆಂದರೆ ಆ ಇಕ್ಕಳವನ್ನು ಬಿಚ್ಚಲೆಳೆಯುವ ಬಲ ಒಂದು ಟನ್ನಿಗೂ ಮಿಕ್ಕಿತು. ಅಷ್ಟನ್ನೂ ತಡೆಯುವುದು ಆ ಬೆನ್ನು. ಅದನ್ನು ಉಜ್ಜಿ ತೆಳುವು ಮಾಡಿದರೆ ಅಂದೇ ಮುರಿಯಲಿಕ್ಕಿಲ್ಲ. ಬಾಗುತ್ತದೆ, ಪೆಡಲು ಮೆತ್ತಗಾಗುತ್ತದೆ, ಒಂದು ದಿನ ತಿರುವಿನಲ್ಲಿ ಬಿರುಕು ಬಿಡುತ್ತದೆ.

ಇನ್ನು ಸಣ್ಣ ಚಕ್ರದ ಹಟ ಯಾತಕ್ಕೆ, 16 ಇಂಚಿನದೇ ಒಂದು ಸ್ಟೆಪ್ನಿ ಕೊಂಡರೆ ಮುಗಿಯಲಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸ್ವಂತಕ್ಕೆ ಗಾಡಿ ಇಟ್ಟುಕೊಂಡವರಿಗೆ ನಾವು ಕೊಡುವ ಮೊದಲ ಸಲಹೆಯೂ ಅದೇ: ಅಷ್ಟರಲ್ಲಿ ಮುಗಿಯುವುದಾದರೆ ಮುಗಿಸಿ. ಸಂಘಕ್ಕೆ ಬೇರೆ ಲೆಕ್ಕವಿತ್ತು. ನಮ್ಮ ಗೋದಾಮಿನ ಕಟ್ಟೆಯ ಎತ್ತರ ಹಳೆಯ ಚಕ್ರಕ್ಕೆ ಹೊಂದುವಂತೆ ಕಟ್ಟಿದ್ದು. ದೊಡ್ಡ ಚಕ್ರ ಬಂದ ಮೇಲೆ ಅಡಿಕೆ ಚೀಲ ಹೊರುವವರು ಪ್ರತಿ ಚೀಲಕ್ಕೂ ಎರಡು ಬೆರಳು ಹೆಚ್ಚು ಎತ್ತಬೇಕು. ಎರಡು ಬೆರಳೇನು ಮಹಾ ಎನ್ನುವವರು ಸಂಜೆ ನಾಲ್ಕು ಗಂಟೆಗೆ ಒಂದು ಚೀಲ ಎತ್ತಿ ನೋಡಲಿ. ಅದಲ್ಲದೆ 15 ಇಂಚಿನ ಟಯರು ನಮ್ಮ ಹೋಬಳಿಯ ಅಂಗಡಿಯಲ್ಲೇ ಸಿಗುತ್ತದೆ, ರಿಜಿಸ್ಟ್ರೇಷನ್ ಆದಾಗ ಗಾಡಿಗಿದ್ದ ಅಳತೆಯೂ ಅದೇ.

ಹಾಗಾದರೆ ಸಣ್ಣ ರಿಮ್ಮು ಕೂರಬೇಕಾದರೆ ಏನು ಬೇಕು? ಅಳತೆ ಹೀಗಿದೆ. 15 ಇಂಚೆಂದರೆ 381 ಮಿ.ಮೀ. ಇದು ಟಯರಿನ ಬಾಯಿ ಕೂರುವ ಜಾಗದ ಅಳತೆ, ರಿಮ್ಮಿನ ಒಳಗಿನ ಜಾಗದ್ದಲ್ಲ. ರಿಮ್ಮಿನ ನಡುವೆ ಟಯರ್ ಕಳಚಲು ಅನುಕೂಲವಾಗುವಂತೆ ಒಂದು ಹಳ್ಳ ಇರುತ್ತದೆ. ಆ ಹಳ್ಳವನ್ನೂ ತಗಡಿನ ದಪ್ಪವನ್ನೂ ಕಳೆದರೆ ಒಳಗೆ ಉಳಿಯುವುದು ಸುಮಾರು 340 ಮಿ.ಮೀ., ಎಂದರೆ ನಡುವಿನಿಂದ 170. ನಮ್ಮ ಗಾಡಿಗೆ ಹಾಕಿದ್ದ ಡಿಸ್ಕು 300 ಮಿ.ಮೀ.; ಅರ್ಧ 150; ಅದರ ಮೇಲೆ ಕ್ಯಾಲಿಪರಿನ ಬೆನ್ನು 25. ಒಟ್ಟು 175. ಕೂರುವುದು ಎಲ್ಲಿಂದ? ಡಿಸ್ಕು 270 ಆದರೆ 135ಕ್ಕೆ 25 ಸೇರಿ 160, ಹತ್ತು ಮಿ.ಮೀ. ಜಾಗ ಉಳಿಯುತ್ತದೆ. ಹಳ್ಳ ಎಲ್ಲಿ ಬರುತ್ತದೆ, ಎಷ್ಟು ಆಳ ಎಂಬುದು ರಿಮ್ಮಿನಿಂದ ರಿಮ್ಮಿಗೆ ಬೇರೆ. ಆದ್ದರಿಂದ ನಮ್ಮ ಅಂಕಿಗಳನ್ನು ನೆಚ್ಚಿಕೊಂಡು ಸಾಮಾನು ಕೊಳ್ಳಬೇಡಿ, ನಿಮ್ಮ ರಿಮ್ಮನ್ನೇ ಅಳೆಯಿರಿ. ನಾವು ಮಾಡಿದ ಉಪಾಯ ಹೇಳುತ್ತೇವೆ. ದಪ್ಪ ರಟ್ಟನ್ನು ರಿಮ್ಮಿನ ಒಳಮೈಗೆ ಸರಿಯಾಗಿ ಕತ್ತರಿಸಿ ಅಚ್ಚು ಮಾಡಿಕೊಂಡು, ಅದನ್ನು ಹಬ್ಬಿನ ಮೇಲಿಟ್ಟು ಕ್ಯಾಲಿಪರಿನ ಸುತ್ತ ತಿರುಗಿಸಿ ನೋಡಿದೆವು. ಚಕ್ರ ಕೂರಿಸಿದ ಮೇಲೂ ನಾದಿದ ಗೋಧಿ ಹಿಟ್ಟಿನ ಸಣ್ಣ ಉಂಡೆಗಳನ್ನು ಕ್ಯಾಲಿಪರಿನ ಬೆನ್ನಿಗಂಟಿಸಿ, ಒಂದು ಸುತ್ತು ತಿರುಗಿಸಿ, ಚಕ್ರ ಬಿಚ್ಚಿ, ಹಿಟ್ಟು ಎಷ್ಟು ದಪ್ಪ ಉಳಿದಿದೆ ಎಂದು ನೋಡಿದೆವು. ಐದು ಮಿ.ಮೀ.ಗಿಂತ ಕಡಿಮೆ ಬಿಡುವುದು ಬೇಡವೆಂಬುದು ನಮ್ಮ ಅಭಿಪ್ರಾಯ. ತೋಟದ ರಸ್ತೆಯ ಕೆಸರು, ಬಾಲನ್ಸಿಗೆ ಅಂಟಿಸುವ ಸೀಸದ ತುಂಡು, ಎರಡಕ್ಕೂ ಜಾಗ ಬೇಕು.

ಸಣ್ಣ ಚಕ್ರದೊಳಗೆ ಹಿಂದಿನ ಡಿಸ್ಕು ಕೂರುವುದೇ ಇಲ್ಲವೆಂದು ಭಾವಿಸಬಾರದು. ಅಮೆರಿಕದಲ್ಲಿ ಫೋರ್ಡ್ ಕಂಪೆನಿಯ ಎಕ್ಸ್‌ಪ್ಲೋರರ್ ಗಾಡಿಗೆ 1995ರಿಂದ ಹಿಂದೆಯೂ ಡಿಸ್ಕು ಬಂತು. ಅದು 15 ಇಂಚಿನ ಚಕ್ರದೊಳಗೇ ಕೆಲಸ ಮಾಡುತ್ತದೆ. ಅಲ್ಲಿನ ಹವ್ಯಾಸಿಗಳು ಗುಜರಿಗೆ ಬಿದ್ದ ಎಕ್ಸ್‌ಪ್ಲೋರರಿನ ಇಡೀ ಹಿಂದಿನ ಆಕ್ಸಲನ್ನೇ ತಂದು ಅದೇ ಕಂಪೆನಿಯ ರೇಂಜರ್ ಪಿಕಪ್ಪಿಗೆ ಹೊಂದಿಸಿಕೊಳ್ಳುವುದುಂಟು. ಇದರಲ್ಲಿ ಗಮನಿಸಬೇಕಾದ್ದೆಂದರೆ, ಅವರು ಬಿಡಿಬಿಡಿಯಾಗಿ ಕೂಡಿಸುವುದಿಲ್ಲ. ಡಿಸ್ಕು, ಕ್ಯಾಲಿಪರು, ಅದನ್ನು ಹಿಡಿಯುವ ಬ್ರಾಕೆಟ್ಟು, ಹ್ಯಾಂಡ್ ಬ್ರೇಕು ಎಲ್ಲವೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಹೊಂದಿಸಿದ ಜೋಡಿ. ನಮ್ಮಲ್ಲಿ ಒಂದು ಗಾಡಿಯ ಡಿಸ್ಕು, ಇನ್ನೊಂದರ ಕ್ಯಾಲಿಪರು, ಲೇತಿನವನು ಕೊರೆದ ಬ್ರಾಕೆಟ್ಟು ಸೇರಿ ಸಂತೆಯಾಗುತ್ತದೆ.

ನಾವೂ ಹಾಗೆಯೇ ಪೂರ್ತಿ ಜೋಡಿಯನ್ನೇ ಹುಡುಕಿದೆವು. ಹುಡುಕುವಾಗ ನೋಡಿದ್ದು ಇವು: ನಡುವಿನ ತೂತು ಹಬ್ಬಿಗೆ ಬಿಗಿಯಾಗಿ ಕೂರುತ್ತದೆಯೇ, ಬೋಲ್ಟುಗಳ ವೃತ್ತ ಒಂದೆಯೇ, ಡಿಸ್ಕಿನ ಟೋಪಿಯ ಆಳ ಸರಿಯಿದ್ದು ತಟ್ಟೆ ಕ್ಯಾಲಿಪರಿನ ನಟ್ಟನಡುವೆ ಬರುತ್ತದೆಯೇ, ತಟ್ಟೆಯ ದಪ್ಪ ಆ ಕ್ಯಾಲಿಪರಿಗೆ ಹೇಳಿದ್ದೇ ಹೌದೇ. ಡಿಸ್ಕು ಸಣ್ಣದಾದ ಮೇಲೆ ಕ್ಯಾಲಿಪರು ಹಳೆಯ ಜಾಗದಲ್ಲೇ ಉಳಿದರೆ ಪ್ಯಾಡಿನ ಅರ್ಧ ಗಾಳಿಯನ್ನು ಹಿಡಿಯುತ್ತದೆ! ಬ್ರಾಕೆಟ್ಟು ಅದನ್ನು ಒಳಕ್ಕೆ ತರಬೇಕು. ಪ್ಯಾಡಿನ ಪೂರ್ತಿ ಮೈ ತಟ್ಟೆಯ ಮೇಲೆ ಇರಬೇಕು, ಅಂಚಿನಿಂದ ಹೊರಚಾಚಬಾರದು.

ಈಗ ಎಲ್ಲರೂ ಕೇಳುವ ಮಾತು: ಡಿಸ್ಕು ಸಣ್ಣದಾದರೆ ಬ್ರೇಕು ಕಡಿಮೆಯಾಗುವುದಿಲ್ಲವೇ? ಆಗುತ್ತದೆ, ಆದರೆ ಹೆದರುವಷ್ಟಲ್ಲ. ಬೀಸುಕಲ್ಲಿನ ಗೂಟ ನಡುವಿನಿಂದ ದೂರ ಇದ್ದಷ್ಟೂ ಬೀಸುವುದು ಹಗುರ. ಬ್ರೇಕೂ ಹಾಗೆಯೇ. ಪ್ಯಾಡು ಹಿಡಿಯುವ ಜಾಗದ ನಡುಗೆರೆ 300ರ ಡಿಸ್ಕಿನಲ್ಲಿ ಕೇಂದ್ರದಿಂದ ಸುಮಾರು 128 ಮಿ.ಮೀ. ದೂರವಿತ್ತು, 270ರದರಲ್ಲಿ 113. ಎಂದರೆ ಹಿಡಿತ ನೂರಕ್ಕೆ 12ರಷ್ಟು ಕುಗ್ಗಿತು. ಆದರೆ ಚಕ್ರವೂ ಸಣ್ಣದಾಯಿತಲ್ಲ. ಹಳೆಯ 245/70 ಆರ್ 16 ಟಯರಿನ ಎತ್ತರ ಸುಮಾರು 749 ಮಿ.ಮೀ.; ಈಗಿನ 215/75 ಆರ್ 15ರದು 703. ಸಣ್ಣ ಚಕ್ರವನ್ನು ನಿಲ್ಲಿಸಲು ಸಣ್ಣ ಹಿಡಿತ ಸಾಕು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ನೆಲದ ಮೇಲೆ ಹಿಂದಿನ ಬ್ರೇಕಿನ ಬಲ ನೂರಕ್ಕೆ 6ರಷ್ಟು ಮಾತ್ರ ಇಳಿಯಿತು. ಮುಂದಿನ ಬ್ರೇಕು ಬದಲಾಗಲಿಲ್ಲ. ಅಲ್ಲಿ ಚಕ್ರ ಮಾತ್ರ ಸಣ್ಣದಾದ್ದರಿಂದ ಬಲ ನೂರಕ್ಕೆ 6ರಷ್ಟು ಏರಿತು. ಒಟ್ಟಿನಲ್ಲಿ ತೂಕ ಸ್ವಲ್ಪ ಮುಂದಕ್ಕೆ ವಾಲಿತು. ವಾಲುವುದಾದರೆ ಆ ಕಡೆಗೇ ವಾಲಬೇಕು. ಮಳೆಗಾಲದಲ್ಲಿ ಖಾಲಿ ಪಿಕಪ್ಪಿನ ಹಿಂದಿನ ಚಕ್ರ ಮೊದಲು ಹಿಡಿದುಕೊಂಡರೆ ಗಾಡಿಯ ಬಾಲ ಮುಂದಕ್ಕೆ ಬರುತ್ತದೆ. ಮುಂದಿನದು ಮೊದಲು ಹಿಡಿದರೆ ನೇರ ಜಾರುತ್ತದೆ. ಎರಡೂ ಕೆಟ್ಟದ್ದೇ, ಮೊದಲನೆಯದು ಹೆಚ್ಚು ಕೆಟ್ಟದ್ದು.

ಪಿಸ್ಟನ್ ದೊಡ್ಡದಿರುವ ಕ್ಯಾಲಿಪರು ಹಾಕಿ ಕಳೆದ ಬಲವನ್ನು ಮರಳಿ ಪಡೆಯಬಹುದು ಎನ್ನುವವರಿದ್ದಾರೆ. 43ರ ಬದಲು 45 ಮಿ.ಮೀ. ಹಾಕಿದರೆ ನೂರಕ್ಕೆ 9ಕ್ಕಿಂತ ತುಸು ಹೆಚ್ಚು ಬಲ ಸಿಗುವುದು ನಿಜ. ಆದರೆ ಅದನ್ನು ತಳ್ಳಲು ಅಷ್ಟೇ ಹೆಚ್ಚು ಆಯಿಲು ಬೇಕು, ಪೆಡಲು ಅಷ್ಟು ಕೆಳಗಿಳಿಯುತ್ತದೆ. ನಾವು ಹಳೆಯದರಷ್ಟೇ ಪಿಸ್ಟನ್ ಇರುವುದನ್ನು ಆರಿಸಿದೆವು.

ಬಲಕ್ಕಿಂತ ನಾವು ಹೆಚ್ಚು ಯೋಚಿಸಿದ್ದು ಕಾವಿನ ಬಗ್ಗೆ. ಮೂರು ಟನ್ನಿನ ಗಾಡಿ ಐನೂರು ಮೀಟರ್ ಎತ್ತರ ಇಳಿದರೆ ಹುಟ್ಟುವ ಶಾಖದಿಂದ ಸುಮಾರು 45 ಲೀಟರ್ ತಣ್ಣೀರನ್ನು ಕುದಿಸಬಹುದು. ನಮ್ಮ ಬಚ್ಚಲಿನ ಒಂದು ಹಂಡೆ ಎಂದಿಟ್ಟುಕೊಳ್ಳಿ. ಅಷ್ಟು ಸೌದೆಯ ಕೆಲಸವನ್ನು ನಾಲ್ಕು ಚಕ್ರದ ಬ್ರೇಕುಗಳು ಮಾಡಬೇಕು, ಇಲ್ಲವೆ ಎಂಜಿನ್ನು ಮಾಡಬೇಕು. ಸಣ್ಣ ಡಿಸ್ಕಿನಲ್ಲಿ ಎರಕ ಕಡಿಮೆ, ಬೇಗ ಕಾಯುತ್ತದೆ. ಆದ್ದರಿಂದ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಇಳಿಯಬೇಕೆಂಬುದು ಡ್ರೈವರಿಗೆ ಬರೆದುಕೊಟ್ಟ ಆದೇಶ. ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುತ್ತೇವೆನ್ನುವವರಿಗೆ ನಮ್ಮಲ್ಲಿ ಕೆಲಸವಿಲ್ಲ. ಆಯಿಲಿನ ವಿಷಯವೂ ಇದಕ್ಕೇ ಸೇರಿದ್ದು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳುವುದೇ ಬೇಡ. ಡಾಟ್ 4 ಎಂಬ ನಮೂನೆ ಹೊಸದಿದ್ದಾಗ 230 ಡಿಗ್ರಿಯವರೆಗೆ ಕುದಿಯದೆ ನಿಲ್ಲಬೇಕೆಂದು ಮಾನಕವಿದೆ. ತೇವ ಹೀರಿದ ಮೇಲೆ ಅದು 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯಾಗುತ್ತದೆ, ಪೆಡಲು ತುಳಿದರೆ ಆವಿ ಕುಗ್ಗುತ್ತದೆ, ಬ್ರೇಕು ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಎಂಜಿನ್ ಆಯಿಲಿನ ಹನಿಯೂ ಅದರೊಳಗೆ ಬೀಳಬಾರದು, ರಬ್ಬರು ಉಬ್ಬಿ ಹಾಳಾಗುತ್ತದೆ.

ಡ್ರಮ್ಮಿನಿಂದ ಡಿಸ್ಕಿಗೆ ಹೊಸದಾಗಿ ಹೋಗುವವರಿಗೆ ಇನ್ನೊಂದು ಮಾತಿದೆ. ಕೆಲವು ಡ್ರಮ್ ಬ್ರೇಕಿನ ಗಾಡಿಗಳ ಲೈನಿನಲ್ಲಿ ಪೆಡಲು ಬಿಟ್ಟ ಮೇಲೂ ಸ್ವಲ್ಪ ಒತ್ತಡ ಉಳಿಸುವ ವಾಲ್ವು ಇರುತ್ತದೆ. ಅದನ್ನು ತೆಗೆಯದೆ ಡಿಸ್ಕು ಹಾಕಿದರೆ ಪ್ಯಾಡು ಸದಾ ಉಜ್ಜುತ್ತಲೇ ಇರುತ್ತದೆ. ನಮ್ಮ ಗಾಡಿಯ ಹಿಂದಿನ ಚಕ್ರ ಬಿಸಿಯಾಗುತ್ತಿದ್ದುದರ ಗುಟ್ಟು ಕೊನೆಗೆ ಇದೇ ಎಂದು ತಿಳಿಯಿತು. ಅಲ್ಲಿಯವರೆಗೆ ಮೂವರು ಮಿಸ್ತ್ರಿಗಳು ಬೇರಿಂಗನ್ನು ಬೈದಿದ್ದರು.

ಹ್ಯಾಂಡ್ ಬ್ರೇಕನ್ನು ಬಹಳ ಜನ ಮರೆಯುತ್ತಾರೆ. ಹಲವು ಹಿಂದಿನ ಡಿಸ್ಕುಗಳ ಟೋಪಿಯೊಳಗೆ ಒಂದು ಪುಟ್ಟ ಡ್ರಮ್ಮಿರುತ್ತದೆ, ಹ್ಯಾಂಡ್ ಬ್ರೇಕಿನ ಶೂಗಳು ಅದರೊಳಗೆ ಹಿಡಿಯುತ್ತವೆ. ಡಿಸ್ಕು ಸಣ್ಣದಾದರೆ ಆ ಡ್ರಮ್ಮೂ ಸಣ್ಣದಾಗಬಹುದು. ನಮ್ಮಲ್ಲಿ ಗಾಡಿ ಸಮತಟ್ಟಿನಲ್ಲಿ ನಿಲ್ಲುವುದು ಎಷ್ಟು ಹೊತ್ತು? ಪಲ್ಪರ್ ಮನೆಯ ಏರಿನಲ್ಲಿ ಲೋಡು ಹಾಕುವಾಗ ಹಿಂದೆ ಆಳುಗಳು ನಿಂತಿರುತ್ತಾರೆ. ಪೂರ್ತಿ ಲೋಡು ಹಾಕಿ, ಏರಿಗೆ ಮುಖ ಮಾಡಿ ಒಮ್ಮೆ, ಇಳಿಜಾರಿಗೆ ಮುಖ ಮಾಡಿ ಒಮ್ಮೆ, ಅರ್ಧ ಗಂಟೆ ನಿಲ್ಲಿಸಿ ನೋಡಿದ ಮೇಲೆಯೇ ನಾವು ಗಾಡಿಯನ್ನು ಒಪ್ಪಿಕೊಂಡದ್ದು. ಪರೀಕ್ಷೆಯ ಹೊತ್ತಿನಲ್ಲಿ ಚಕ್ರಕ್ಕೆ ಮರದ ಅಡ್ಡೆ ಕೊಟ್ಟು, ಒಂದು ಗೇಣು ಬಿಟ್ಟಿದ್ದೆವು.

ನಾವು ಮುಗ್ಗರಿಸಿದ್ದು ತೀರಾ ಸಣ್ಣ ವಿಷಯದಲ್ಲಿ. ಎಲ್ಲ ಜೋಡಿಸಿ ಆಯಿತು, ಏರ್ ತೆಗೆಯಲು ಕೂತರು, ತೆಗೆದಷ್ಟೂ ಪೆಡಲು ಮೆತ್ತಗೆ. ಆಯಿಲು ಎರಡು ಡಬ್ಬಿ ಖರ್ಚಾಯಿತು. ಮಾಸ್ಟರ್ ಸಿಲಿಂಡರ್ ಹೋಗಿದೆ, ಹೊಸದು ತನ್ನಿ ಎಂದರು ಗ್ಯಾರೇಜಿನವರು. ತರುವ ಮುಂಚೆ ನಾವೇ ಬಗ್ಗಿ ನೋಡಿದೆವು. ಏರ್ ತೆಗೆಯುವ ನಿಪ್ಪಲ್ಲು ಕ್ಯಾಲಿಪರಿನ ಕೆಳತುದಿಯಲ್ಲಿತ್ತು! ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ಹಾಕಿದ್ದರು. ಗಾಳಿ ಮೇಲಕ್ಕೆ ಹೋಗುವ ವಸ್ತು, ಕೆಳಗಿನ ಬಾಯಿಂದ ಹೇಗೆ ಬಂದೀತು? ಅದಲುಬದಲು ಮಾಡಿದ ಮೇಲೆ ಕಾಲು ಗಂಟೆಯಲ್ಲಿ ಪೆಡಲು ಕಲ್ಲಿನಂತೆ ನಿಂತಿತು. ಮಹಾಸಭೆಯಲ್ಲಿ ಕೇಳಿದ ಖರ್ಚಿನಲ್ಲಿ ಆ ಎರಡು ಡಬ್ಬಿಯೂ ಸೇರಿದೆ.

ಟಯರ್ ಕೊಳ್ಳುವಾಗ ಅಳತೆಯ ಜೊತೆಗೆ ಅದರ ಪಕ್ಕದಲ್ಲಿ ಬರೆದ ಭಾರದ ಅಂಕಿಯನ್ನೂ ಓದಬೇಕು. 100 ಎಂದರೆ ಒಂದು ಟಯರು 800 ಕೆ.ಜಿ., 106 ಎಂದರೆ 950, 109 ಎಂದರೆ 1030. ಲೋಡು ಹಾಕಿದಾಗ ಹಿಂದಿನ ಆಕ್ಸಲ್ ಮೇಲೆ 1900 ಕೆ.ಜಿ. ಬೀಳುವುದಾದರೆ 100ರ ಟಯರು ಸಾಲದು, 106ಕ್ಕಿಂತ ಕಡಿಮೆ ಕೊಳ್ಳಬಾರದು. ಕಾರಿನ ಟಯರು ಅದೇ ಅಳತೆಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಹಾಕಿಸಿಕೊಳ್ಳುವವರು ಇದನ್ನು ನೋಡುವುದಿಲ್ಲ. ಸಣ್ಣ ಚಕ್ರ ಹಾಕುವುದಾದರೆ ನಾಲ್ಕಕ್ಕೂ ಹಾಕಿ, ಸ್ಟೆಪ್ನಿಯೂ ಅದೇ ಇರಲಿ. ಫೋರ್ ವೀಲ್ ಗಾಡಿಯಲ್ಲಿ ಹಿಂದೆ ಒಂದು ಅಳತೆ ಮುಂದೆ ಒಂದು ಅಳತೆ ಇದ್ದರೆ ಗೇರು ಪೆಟ್ಟಿಗೆಯೊಳಗೆ ಎಳೆದಾಟ ನಡೆದು ಹಲ್ಲು ಮುರಿಯುತ್ತದೆ, ಎ.ಬಿ.ಎಸ್. ಇರುವ ಗಾಡಿಯಲ್ಲಿ ಅದಕ್ಕೆ ತಲೆ ಕೆಡುತ್ತದೆ. ದೊಡ್ಡ ಚಕ್ರದ ಲೆಕ್ಕಕ್ಕೆ ಹೊಂದಿಸಿದ್ದ ನಮ್ಮ ಮೀಟರು ಈಗ 50 ತೋರಿಸಿದಾಗ ಗಾಡಿ ಓಡುವುದು 47. ಕಿಲೋಮೀಟರ್ ಲೆಕ್ಕವೂ ಅಷ್ಟೇ ಹೆಚ್ಚು ಬರುವುದರಿಂದ ಬಾಡಿಗೆ ಲೆಕ್ಕದಲ್ಲಿ ಅದನ್ನು ಕಳೆದು ಬರೆಯುತ್ತಿದ್ದೇವೆ, ಸದಸ್ಯರು ಚಿಂತಿಸಬೇಕಾಗಿಲ್ಲ.

ಕ್ಯಾಲಿಪರು ತಪ್ಪಿಸಲು ಚಕ್ರದ ಹಿಂದೆ ಸ್ಪೇಸರ್ ಬಿಲ್ಲೆ ಇಡುವ ಉಪಾಯವನ್ನೂ ಕೆಲವರು ಹೇಳಿದರು. ಬೇಡ. ನಟ್ಟಿಗೆ ಹಿಡಿಯಲು ಮರೆ ಸಾಲದೆ ಬರುತ್ತದೆ, ಬೇರಿಂಗಿಗೆ ಭಾರ ಹೊರಗಿನಿಂದ ಬೀಳುತ್ತದೆ.

ಕಾನೂನಿನ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಇದನ್ನು ಬಿಗಿಯಾಗಿಯೇ ಓದಬೇಕೆಂಬ ಅಭಿಪ್ರಾಯ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದಲೂ ಬಂದಿದೆ. ಚಕ್ರದ ಅಳತೆಯಲ್ಲಿ ನಾವು ಮೂಲಕ್ಕೆ ಮರಳಿದ್ದೇವೆ. ಹಿಂದಿನ ಡಿಸ್ಕು ಮಾತ್ರ ಮೂಲದ್ದಲ್ಲ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಅದನ್ನೇ. ಹಳೆಯ ಡ್ರಮ್ಮಿನ ಹೌಸಿಂಗು ಕೊಯಿಲಿಗೆ ಮೊದಲು ಸಿಕ್ಕಿದ್ದರೆ ನಾವು ಈ ಸಾಹಸಕ್ಕೆ ಕೈ ಹಾಕುತ್ತಿರಲಿಲ್ಲ. ಡ್ರಮ್ಮು ಇರುವವರು ಅದನ್ನೇ ಇಟ್ಟುಕೊಂಡು, ವರ್ಷಕ್ಕೊಮ್ಮೆ ಬಿಚ್ಚಿಸಿ ಕೆಸರು ತೆಗೆಸಿ ಲೈನಿಂಗು ನೋಡಿಸಿದರೆ ಘಾಟಿಗೂ ಸಾಕು, ತೋಟಕ್ಕೂ ಸಾಕು.

ಹೀಗಾಗಿ, ಸಾರಿಗೆ ಇಲಾಖೆಯವರಿಗೆ ಗಾಡಿಯನ್ನು ತೋರಿಸಿ ಅವರ ಮಾತು ಬರುವವರೆಗೆ ಪಿಕಪ್ಪು ತೋಟದ ದಾರಿಗಳಲ್ಲಿ, ಕಣದಿಂದ ಗೋದಾಮಿಗೆ ಮಾತ್ರ ಓಡಬೇಕೆಂದು ಆಡಳಿತ ಮಂಡಳಿ ಗೊತ್ತುವಳಿ ಮಾಡಿದೆ. ಘಾಟಿಯ ಸಾಗಣೆಗೆ ಬಾಡಿಗೆ ಗಾಡಿ ಗೊತ್ತುಮಾಡಿದ್ದೇವೆ. ಅವರು ಒಪ್ಪದಿದ್ದರೆ ಡ್ರಮ್ಮಿಗೇ ಹಿಂತಿರುಗುವುದು. ಅದಕ್ಕಾಗಿ ಹೌಸಿಂಗ್ ಹುಡುಕುವುದನ್ನು ನಿಲ್ಲಿಸಿಲ್ಲ. ಯಾರ ಶೆಡ್ಡಿನ ಮೂಲೆಯಲ್ಲಾದರೂ ಅಂಥದೊಂದು ಇದ್ದರೆ ಆಫೀಸಿಗೆ ತಿಳಿಸಿ.

ತೆಗೆದ ದೊಡ್ಡ ಡಿಸ್ಕುಗಳೂ ರಟ್ಟಿನ ಅಚ್ಚೂ ಗೋದಾಮಿನಲ್ಲಿವೆ. ತಮ್ಮ ಗಾಡಿಯ ಅಳತೆ ನೋಡಬೇಕೆನ್ನುವ ಸದಸ್ಯರು ಅಚ್ಚನ್ನು ರುಜು ಹಾಕಿ ಒಯ್ಯಬಹುದು. ಹೋದ ವರ್ಷ ಒಯ್ದ ತೇವದ ಮೀಟರಿನಂತೆ ಮಾಡದೆ, ವಾರದೊಳಗೆ ವಾಪಸು ತಂದುಕೊಡಬೇಕಾಗಿ ವಿನಂತಿ.